ಹೊಲದ ಔಷಧಿ, ಮನೆಯ ಸೊಳ್ಳೆ: ಎರಡರಿಂದಲೂ ಮನೆಮಂದಿಯನ್ನು ಕಾಪಾಡೋಣ



ಮಳೆಗಾಲ ಶುರುವಾಯಿತೆಂದರೆ ನಮ್ಮ ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿಯ ಲೆಕ್ಕದ ಜೊತೆಗೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, "ಬೆಳೆಗೆ ಹುಳ ಬಿದ್ದಿದೆ, ಔಷಧಿ ಹೊಡೀಬೇಕು." ಇನ್ನೊಂದು, "ಮಗುವಿಗೆ ಜ್ವರ, ಡೆಂಗಿ ಅಂತಾರೆ, ಆಸ್ಪತ್ರೆ ಖರ್ಚಿಗೆ ಸಾಲ ಬೇಕು." ಕೀಟನಾಶಕ ಗಂಡಸರ ವಿಷಯ, ಡೆಂಗಿ ಡಾಕ್ಟರ ವಿಷಯ ಅಂತ ನಾವು ಎರಡನ್ನೂ ಬೇರೆ ಬೇರೆ ಇಟ್ಟುಬಿಡುತ್ತೇವೆ. ಆದರೆ ಔಷಧಿ ಹೊಡೆದ ಬಟ್ಟೆ ಒಗೆಯುವವರು ನಾವೇ. ನೀರು ತುಂಬಿಸಿಡುವವರು ನಾವೇ. ಜ್ವರ ಬಂದವರ ಪಕ್ಕ ರಾತ್ರಿಯಿಡೀ ಕೂರುವವರೂ ನಾವೇ. ಆದ್ದರಿಂದ ಇವೆರಡರ ಬಗ್ಗೆಯೂ ಸರಿಯಾದ ತಿಳುವಳಿಕೆ ನಮಗೆ ಇರಬೇಕು. ಇವೆರಡಕ್ಕೂ ಒಂದಕ್ಕೊಂದು ಸಂಬಂಧವೂ ಇದೆ. ಅದನ್ನು ಒಂದೊಂದಾಗಿ ನೋಡೋಣ.

ವಿಷಕ್ಕೆ 'ಔಷಧಿ' ಎಂಬ ಹೆಸರು

ಘಟ್ಟದ ಮೇಲೆ 'ಔಷಧಿ' ಅಂತೀವಿ, ಕರಾವಳಿಯಲ್ಲಿ 'ಮದ್ದು' ಅಂತೀವಿ. ಕೆಮ್ಮಿಗೆ ಕುಡಿಯುವುದೂ ಔಷಧಿ, ಬದನೆ ಗಿಡಕ್ಕೆ ಹೊಡೆಯುವುದೂ ಔಷಧಿ! ಹೆಸರು ಹೀಗಿರುವುದರಿಂದ ನಮ್ಮ ಭಯವೂ ಕಡಿಮೆಯಾಗಿದೆ. ಅಡುಗೆಮನೆಯ ಮಾಡದಲ್ಲಿ, ಅಕ್ಕಿ ಡಬ್ಬಿಯ ಪಕ್ಕದಲ್ಲಿ, ಮಕ್ಕಳ ಕೈಗೆ ಸಿಗುವ ಹಾಗೆ ಬಾಟಲಿ ಇಡುತ್ತೇವೆ. ನಿಜ ಏನೆಂದರೆ ಇದು ವಿಷ. ಹುಳುವಿನ ನರಗಳನ್ನು ಕೆಡಿಸಿ ಕೊಲ್ಲುವ ವಿಷ ಮನುಷ್ಯರ ನರಗಳನ್ನೂ ಕೆಡಿಸಬಲ್ಲದು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಮಾತ್ರ.

ಪ್ರತಿ ಬಾಟಲಿಯ ಮೇಲೂ ಒಂದು ಬಣ್ಣದ ಗುರುತು ಇರಲೇಬೇಕೆಂದು ಕಾನೂನು ಇದೆ. ಓದು ಬರದವರೂ ಇದನ್ನು ನೋಡಿ ತಿಳಿಯಬಹುದು:

• ಕೆಂಪು – ಅತಿ ಘೋರ ವಿಷ
• ಹಳದಿ – ಹೆಚ್ಚು ವಿಷ
• ನೀಲಿ – ಮಧ್ಯಮ ವಿಷ
• ಹಸಿರು – ಕಡಿಮೆ ವಿಷ

ಹಸಿರು ಅಂದರೆ 'ಒಳ್ಳೆಯದು' ಅಂತ ಅರ್ಥವಲ್ಲ. ಅದೂ ವಿಷವೇ, ಉಳಿದವುಗಳಿಗಿಂತ ಕಡಿಮೆ ಅಷ್ಟೆ.

ವಿಷ ಬಾಯಿಯಿಂದ ಮಾತ್ರ ಒಳಗೆ ಹೋಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಚರ್ಮದಿಂದ, ಉಸಿರಿನಿಂದ, ಕಣ್ಣಿನಿಂದಲೂ ಹೋಗುತ್ತದೆ. ಬೆವರಿದ ಮೈಗೆ ಇನ್ನೂ ಬೇಗ ಇಳಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳ್ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಕೀಟನಾಶಕ ಸಿಂಪಡಿಸಿದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ತೀರಿಕೊಂಡರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ, ಕೆಲಸ ಮಾಡಿದವರು. ಆಳೆತ್ತರ ಬೆಳೆದಿದ್ದ ಗಿಡಗಳ ನಡುವೆ ನಿಂತು ಸಿಂಪಡಿಸುವಾಗ ವಿಷ ಮೈಮೇಲೆ, ಮುಖದ ಮೇಲೆ ಬಿದ್ದಿತ್ತು.

ಖಾಲಿ ಡಬ್ಬಿಯ ಅಪಾಯ

ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಉಂಡ 23 ಮಕ್ಕಳು ಸತ್ತುಹೋದರು. ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಹಿಂದೆ ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರಿಂದ ಹೀಗಾಗಿರಬೇಕೆಂದು ಅಧಿಕಾರಿಗಳು ಹೇಳಿದರು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರೆಂದೂ ವರದಿಯಾಯಿತು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ನಮ್ಮ ಸಂಘಗಳ ಎಷ್ಟೋ ಸದಸ್ಯೆಯರು ಅಕ್ಷರ ದಾಸೋಹದಲ್ಲಿ, ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಾರೆ. ಅವರಿಗೊಂದು ಮಾತು: ವಾಸನೆ, ಬಣ್ಣ ಅನುಮಾನ ಬಂದರೆ ಒಲೆ ಮೇಲಿನ ಪಾತ್ರೆ ಇಳಿಸಿಬಿಡಿ. ಯಾರು ಬೈದರೂ ಪರವಾಗಿಲ್ಲ.

ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್‌ನಲ್ಲಿ ವಿಷದ ಅಂಶ ಉಳಿಯುತ್ತದೆ. ಅದರಲ್ಲಿ ನೀರು, ಎಣ್ಣೆ, ಮಜ್ಜಿಗೆ, ಬಿತ್ತನೆ ಬೀಜ ಏನನ್ನೂ ಇಡಬಾರದು. ಹಾಗಂತ ಹಿತ್ತಲಿಗೆ ಎಸೆದರೆ? ಅದರಲ್ಲಿ ಮಳೆ ನೀರು ನಿಲ್ಲುತ್ತದೆ. ಕೆಲವು ಮಳೆ ಬಿದ್ದು ವಿಷ ತೊಳೆದುಹೋದ ಮೇಲೆ ಅದೇ ಡಬ್ಬಿ ಡೆಂಗಿ ಸೊಳ್ಳೆಯ ತೊಟ್ಟಿಲಾಗುತ್ತದೆ. ಒಂದೇ ಡಬ್ಬಿಯಿಂದ ಎರಡು ರೋಗ! ಆದ್ದರಿಂದ ಡಬ್ಬಿ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಕ್ಯಾನಿಗೇ ಹಾಕಿ, ಡಬ್ಬಿಗೆ ತೂತು ಹೊಡೆದು ಮತ್ತೆ ಉಪಯೋಗಕ್ಕೆ ಬಾರದಂತೆ ಮಾಡಬೇಕು. ಬಾವಿ, ಕೆರೆ, ಮನೆಯಿಂದ ದೂರದಲ್ಲಿ ವಿಲೇವಾರಿ ಮಾಡಬೇಕು. ಒಲೆಗೆ ಹಾಕಿ ಸುಡಬಾರದು. ಆ ಹೊಗೆಯೂ ವಿಷವೇ.

ಎಂಡೋಸಲ್ಫಾನ್ ಕಲಿಸಿದ ಪಾಠ

ಇಂತಹ ವಿಷ ಒಂದು ದಿನದಲ್ಲಿ ಮಾತ್ರವಲ್ಲ, ವರ್ಷಗಟ್ಟಲೆ ನಿಧಾನವಾಗಿಯೂ ಕೆಲಸ ಮಾಡುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಗಡಿನಾಡು ಕಾಸರಗೋಡಿನ ಗೇರು ತೋಟಗಳಿಗೆ 20 ವರ್ಷಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದ ವಿಷ ಸುರಂಗ, ತೋಡು, ಬಾವಿಗಳಿಗೆ ಇಳಿಯಿತು. ಕನ್ನಡ ಮಾತಾಡುವ ಪಡ್ರೆ, ಸ್ವರ್ಗ ಊರುಗಳಲ್ಲಿ ಬುದ್ಧಿಮಾಂದ್ಯ, ಅಂಗವಿಕಲ ಮಕ್ಕಳು ಹೆಚ್ಚು ಹುಟ್ಟುತ್ತಿರುವುದನ್ನು ಅಲ್ಲಿನ ಡಾ. ವೈ. ಎಸ್. ಮೋಹನ್ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ವಾಣಿನಗರದ ಶಾಲಾ ಮಕ್ಕಳ ರಕ್ತ ಪರೀಕ್ಷಿಸಿದಾಗ, ಸಿಂಪಡಣೆ ನಿಂತು ತಿಂಗಳುಗಳಾಗಿದ್ದರೂ ಎಂಡೋಸಲ್ಫಾನ್ ಅಂಶ ಸಿಕ್ಕಿತು.

ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ಕಥೆ. ಅಲ್ಲಿನ ತಾಯಂದಿರು ಬೆಳೆದ ಮಕ್ಕಳನ್ನು ಕೂಸಿನಂತೆ ಎತ್ತಿ ಸ್ನಾನ ಮಾಡಿಸಿ ಉಣ್ಣಿಸುತ್ತಿದ್ದಾರೆ. "ನಾನು ಹೋದ ಮೇಲೆ ಇವನನ್ನು ನೋಡುವವರು ಯಾರು?" ಎಂಬುದೇ ಅವರ ಚಿಂತೆ. ಜನರ ಹೋರಾಟದಿಂದ 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ವಿಷ ನಿಂತರೂ ಆದ ಹಾನಿ ನಿಂತಿಲ್ಲ. ಮುಖ್ಯವಾದ ಪಾಠ ಇದು: ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಒಂದು ವಸ್ತು ಅಪಾಯವಿಲ್ಲದ್ದು ಎಂದು ಅರ್ಥವಲ್ಲ. ಅದರಲ್ಲೂ ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು ಸಿಂಪಡಣೆಯ ಹತ್ತಿರವೂ ಸುಳಿಯಬಾರದು.

ಡೆಂಗಿ: ಹೆಸರು ಒಂದು, ವೈರಸ್ಸು ನಾಲ್ಕು

ಈಗ ಜ್ವರದ ವಿಷಯಕ್ಕೆ ಬರೋಣ. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗಿ ಪ್ರಕರಣಗಳು 25,000 ದಾಟಿದವು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಹಾಕುವ ನಿಯಮ ತಂದಿತು.

"ನಂಗೆ ಹೋದ ವರ್ಷ ಡೆಂಗಿ ಬಂದು ಹೋಯ್ತು, ಇನ್ನು ಬರಲ್ಲ ಬಿಡಿ" ಅಂತ ಹೇಳುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದೇ ತಾಯಿಯ ನಾಲ್ಕು ಮಕ್ಕಳ ಹಾಗೆ, ಮುಖದಲ್ಲಿ ಹೋಲಿಕೆ ಇದೆ, ಆದರೆ ಒಬ್ಬರಂತೆ ಒಬ್ಬರಿಲ್ಲ. ಮೊದಲನೇ ಬಗೆ ಬಂದು ವಾಸಿಯಾದರೆ ಮೈಯಲ್ಲಿ ಅದಕ್ಕೆ ಕಾವಲುಗಾರರು ಹುಟ್ಟುತ್ತಾರೆ. ಆ ಬಗೆ ಮತ್ತೆ ಬಂದರೆ ಕೂಡಲೇ ಹಿಡಿದು ಕೊಲ್ಲುತ್ತಾರೆ. ಆದರೆ ಎರಡನೇ ಬಗೆ ಬಂದಾಗ ಕಾವಲುಗಾರರು ಮೋಸ ಹೋಗುತ್ತಾರೆ. ಹೋಲಿಕೆ ನೋಡಿ ಹಿಡಿದುಕೊಳ್ಳುತ್ತಾರೆ, ಕೊಲ್ಲಲು ಆಗುವುದಿಲ್ಲ. ಹಿಡಿದ ಕಳ್ಳನನ್ನು ತಾವೇ ಮನೆಯೊಳಗೆ ಕರೆದುಕೊಂಡು ಹೋದ ಹಾಗೆ ಜೀವಕೋಶದೊಳಗೆ ಬಿಡುತ್ತಾರೆ. ಒಳಗೆ ಹೋದ ವೈರಸ್ಸು ಇನ್ನೂ ಜಾಸ್ತಿ ಬೆಳೆಯುತ್ತದೆ. ಆದ್ದರಿಂದಲೇ ಎರಡನೇ ಸಲ ಬರುವ ಡೆಂಗಿ ಹಲವರಿಗೆ ಹೆಚ್ಚು ಅಪಾಯ ತರುತ್ತದೆ.

ಇದಲ್ಲದೆ ವೈರಸ್ಸು ಸುಮ್ಮನೆ ಕೂರುವುದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1956ರಿಂದ 2018ರವರೆಗೆ ನಮ್ಮ ದೇಶದ ರೋಗಿಗಳಿಂದ ಸಿಕ್ಕಿದ 408 ಡೆಂಗಿ ವೈರಸ್ಸುಗಳ ವಂಶವಾಹಿ ವಿವರಗಳನ್ನು ಹೋಲಿಸಿ ನೋಡಿ, 2023ರಲ್ಲಿ ವರದಿ ಪ್ರಕಟಿಸಿದರು. 2012ರವರೆಗೆ 1 ಮತ್ತು 3ನೇ ಬಗೆಗಳು ಹೆಚ್ಚಾಗಿದ್ದವು, ಆಮೇಲೆ 2ನೇ ಬಗೆ ಮೇಲುಗೈ ಪಡೆಯಿತು. ಒಂದು ಕಾಲಕ್ಕೆ ಅಪರೂಪವಾಗಿದ್ದ 4ನೇ ಬಗೆ ದಕ್ಷಿಣ ಭಾರತದಲ್ಲಿ ನೆಲೆಯೂರುತ್ತಿದೆ. ಜನರ ಮೈಯಲ್ಲಿರುವ ಹಳೆಯ ಕಾವಲನ್ನು ತಪ್ಪಿಸಿಕೊಳ್ಳುವ ಹಾಗೆ ವೈರಸ್ಸು ರೂಪ ಬದಲಿಸುತ್ತಾ ಬಂದಿದೆ. ನಾಲ್ಕೂ ಬಗೆಗಳನ್ನು ಒಟ್ಟಿಗೆ ತಡೆಯುವಂತೆ ಲಸಿಕೆ ಮಾಡುವುದು ಇದರಿಂದಲೇ ಕಷ್ಟದ ಕೆಲಸವಾಗಿದೆ. ನಮ್ಮ ದೇಶದಲ್ಲೇ ತಯಾರಾದ ಒಂದು ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ಆರಂಭವಾಯಿತು. ಡೆಂಗಿ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲ. ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ.

ಹೊಗೆ ಹಾಕಿದರೆ ಸಾಲದೇ?

ಊರಲ್ಲಿ ನಾಲ್ಕು ಜನಕ್ಕೆ ಜ್ವರ ಬಂದರೆ ನಾವು ಪಂಚಾಯ್ತಿಗೆ ಹೋಗಿ ಮೊದಲು ಕೇಳುವುದು "ಫಾಗಿಂಗ್ ಮಾಡ್ಸಿ" ಅಂತ. ಹೊಗೆ ಕಣ್ಣಿಗೆ ಕಾಣುತ್ತದೆ, ಸಮಾಧಾನ ಆಗುತ್ತದೆ. ಆದರೆ ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಮರಿಗಳಿಗೆ, ಮೊಟ್ಟೆಗಳಿಗೆ ಏನೂ ಆಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಹೊಲಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಸೊಳ್ಳೆ ಪರದೆಗೆ ಹಚ್ಚುವ ಔಷಧಿ, ಮನೆಯ ಸೊಳ್ಳೆ ಬತ್ತಿ ಇವೆಲ್ಲ ಬಹುಮಟ್ಟಿಗೆ ಒಂದೇ ಕುಲದ ರಾಸಾಯನಿಕಗಳು. ಮೆಲಾಥಿಯಾನ್ ಅಂತೂ ಹೊಲಕ್ಕೂ ಬೇಕು, ಫಾಗಿಂಗಿಗೂ ಬೇಕು. ಒಂದೇ ವಿಷವನ್ನು ಎಲ್ಲೆಡೆ ಮತ್ತೆ ಮತ್ತೆ ಬಳಸಿದರೆ ಏನಾಗುತ್ತೆ? ಸಾವಿರ ಸೊಳ್ಳೆಯಲ್ಲಿ 990 ಸಾಯುತ್ತವೆ ಅಂದುಕೊಳ್ಳಿ. ಉಳಿದ 10 ಸೊಳ್ಳೆಗಳು ವಿಷ ತಡೆದುಕೊಳ್ಳುವಂಥವು. ಅವುಗಳ ಸಂತಾನವೂ ಹಾಗೆಯೇ. ಕೆಲವು ವರ್ಷಗಳಲ್ಲಿ ಊರಿನ ತುಂಬಾ ಅಂಥವೇ ಆಗುತ್ತವೆ. ಹೊಲದ ಹುಳುವೂ ಹೀಗೆಯೇ 'ಔಷಧಿಗೆ ಬಗ್ಗದ' ಹುಳುವಾಗುವುದು.

ಇದು ಹಿಂದೆಯೇ ಆಗಿಹೋದ ಮಾತು. 1953ರಲ್ಲಿ ಡಿಡಿಟಿ ಹೊಡೆದು ಮಲೇರಿಯಾ ತಡೆಯುವ ಕಾರ್ಯಕ್ರಮ ನಮ್ಮ ದೇಶದಲ್ಲಿ ಶುರುವಾಯಿತು. 1965ರ ಹೊತ್ತಿಗೆ ಪ್ರಕರಣಗಳು ವರ್ಷಕ್ಕೆ ಸುಮಾರು 1 ಲಕ್ಷಕ್ಕೆ ಇಳಿದಿದ್ದವು. ಆದರೆ 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡದ್ದು ಅದಕ್ಕೆ ಒಂದು ಕಾರಣ. ಆದ್ದರಿಂದ ಹೊಗೆ, ವಿಷ ಇವು ತುರ್ತಿಗೆ ಇರಲಿ, ದಿನನಿತ್ಯಕ್ಕೆ ಬೇಡ. ಹೊಲದ ಔಷಧಿಯನ್ನು ಮನೆಯೊಳಗೆ ಸೊಳ್ಳೆಗೆ, ತಿಗಣೆಗೆ ಹೊಡೆಯುವುದು, ಹೆಣ್ಣುಮಕ್ಕಳ ತಲೆಗೆ ಹೇನಿಗೆಂದು ಹಚ್ಚುವುದು ಇವನ್ನಂತೂ ಎಂದಿಗೂ ಮಾಡಬಾರದು. ಜೀವಕ್ಕೇ ಅಪಾಯ.

ನಮ್ಮ ಹಿತ್ತಲಲ್ಲೇ ಹುಟ್ಟುವ ಸೊಳ್ಳೆ

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೈಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಇದು ಹಗಲು ಕಚ್ಚುತ್ತದೆ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಚರಂಡಿ ನೀರಿಗಿಂತ ಮನೆಯ ಸುತ್ತಲಿನ ತಿಳಿ ನೀರು ಇದಕ್ಕೆ ಇಷ್ಟ. ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ. ಅಂದರೆ ನಮಗೆ ಕಚ್ಚುವ ಸೊಳ್ಳೆ ನಮ್ಮ ಮನೆಯದು, ಇಲ್ಲವೇ ಪಕ್ಕದ ಮನೆಯದು! ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ನೀರಿಲ್ಲದೆಯೂ ಬದುಕಿರುತ್ತದೆ, ನೀರು ಬಿದ್ದ ಕೂಡಲೇ ಮರಿಯಾಗುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಅಂಚನ್ನು ನಾರಿನಿಂದ ತಿಕ್ಕಿ ತೊಳೆಯಬೇಕು.

ಎಲ್ಲೆಲ್ಲಿ ನೋಡಬೇಕು? ಸಿಮೆಂಟ್ ತೊಟ್ಟಿ, ಡ್ರಮ್ಮು, ಹಳೇ ಟಯರು, ಒಡೆದ ಮಡಕೆ, ತೆಂಗಿನ ಗೆರಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಇಲಿ ಅಳಿಲು ಕೊರೆದ ಕೋಕೋ ಕಾಯಿ. ರಬ್ಬರ್ ತೋಟದಲ್ಲಿ ಹಾಲು ತೆಗೆಯದ ದಿನಗಳಲ್ಲಿ ಕಪ್ಪುಗಳನ್ನು ಬೋರಲು ಹಾಕದಿದ್ದರೆ ಪ್ರತಿ ಮರದಲ್ಲೂ ಒಂದು ಸೊಳ್ಳೆ ಗೂಡು ಇದ್ದ ಹಾಗೆ.

ಜ್ವರವೋ? ವಿಷವೋ?

ಸಿಂಪಡಣೆ ಕಾಲ, ಡೆಂಗಿ ಕಾಲ ಎರಡೂ ಒಟ್ಟಿಗೆ ಬರುವುದರಿಂದ ಗೊಂದಲ ಆಗುತ್ತದೆ. ತಲೆನೋವು, ವಾಂತಿ, ಸುಸ್ತು ಎರಡರಲ್ಲೂ ಇರುತ್ತವೆ. ಹೀಗೆ ಗುರುತಿಸಿ:

ವಿಷ ಏರಿದ್ದರೆ: ಔಷಧಿ ಹೊಡೆದ ಕೆಲವು ಗಂಟೆಗಳಲ್ಲೇ ಶುರುವಾಗುವುದು ಹೆಚ್ಚು. ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಮಾಂಸಖಂಡ ಅದುರುವುದು, ಉಸಿರಾಟಕ್ಕೆ ಕಷ್ಟ.

ಡೆಂಗಿಯಾದರೆ: ಇದ್ದಕ್ಕಿದ್ದಂತೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಕೀಲು ನೋವು, ಕೆಲವರಿಗೆ ಮೈಮೇಲೆ ಕೆಂಪು ಗಂದೆ.

ಯಾವುದೇ ಇರಲಿ, ಡಾಕ್ಟರ ಹತ್ತಿರ ಎರಡನ್ನೂ ಹೇಳಿ: "ಇಂಥಾ ದಿನ ಇಂಥಾ ಔಷಧಿ ಹೊಡೆದಿದ್ದಾರೆ, ಇಷ್ಟು ದಿನದಿಂದ ಜ್ವರ ಇದೆ." ಒಂದನ್ನು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ.

ವಿಷ ಏರಿದಾಗ: ಕೂಡಲೇ ಗಾಳಿ ಬರುವ ಕಡೆಗೆ ಕರೆತನ್ನಿ. ಬಟ್ಟೆ ತೆಗೆಸಿ, ಸೋಪು ಹಾಕಿ ಬಹಳ ನೀರಿನಿಂದ ಮೈ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹಾಯಿಸಿ. ನುಂಗಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಬಾಟಲಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ಸರಿಯಾದ ಚಿಕಿತ್ಸೆ ಬೇಗ ಸಿಗುತ್ತದೆ.

ಡೆಂಗಿ ಅನುಮಾನವಿದ್ದಾಗ: ಮೊದಲ ಐದು ದಿನಗಳಲ್ಲಿ ಎನ್.ಎಸ್.1, ಆಮೇಲೆ ಐ.ಜಿ.ಎಂ. ರಕ್ತ ಪರೀಕ್ಷೆ ಮಾಡುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು, ಅಂಗಡಿಯಿಂದ ತಂದು ನುಂಗಬೇಡಿ. ಗಂಜಿ, ಎಳನೀರು, ಓ.ಆರ್.ಎಸ್. ಧಾರಾಳವಾಗಿ ಕೊಡಿ. ಪಪ್ಪಾಯಿ ಎಲೆ ರಸ ನಂಬಿ ಮನೆಯಲ್ಲೇ ಕೂರಬೇಡಿ.

ಬಹಳ ಮುಖ್ಯ: ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮೂರರಿಂದ ಏಳನೇ ದಿನದೊಳಗೆ. "ಜ್ವರ ಬಿಟ್ಟಿತು, ಪೀಡೆ ಕಳೀತು" ಅಂತ ಕೆಲಸಕ್ಕೆ ಹೊರಡಬೇಡಿ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ಚಡಪಡಿಕೆ – ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ನಾವೇನು ಮಾಡಬಹುದು?

ಮನೆಯಲ್ಲಿ:
• ಸಿಂಪಡಿಸಿದವರ ಬಟ್ಟೆಯನ್ನು ಬೇರೆಯಾಗಿ, ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಗೆಯಿರಿ. ಆ ನೀರು ಬಾವಿಕಟ್ಟೆ ಹತ್ತಿರ ಹರಿಯದಿರಲಿ.
• ಕೀಟನಾಶಕಕ್ಕೆ ಬೀಗ ಹಾಕಿದ ಪೆಟ್ಟಿಗೆ ಇರಲಿ. ಈ ಬೀಗ ಬೇಸರದ ಒಂದು ಕೆಟ್ಟ ಗಳಿಗೆಯಲ್ಲಿ ದೊಡ್ಡವರ ಜೀವವನ್ನೂ ಉಳಿಸುತ್ತದೆ.
• ವಾರಕ್ಕೊಂದು 'ಒಣ ದಿನ' ಮಾಡಿ, ನೀರಿನ ಎಲ್ಲ ಪಾತ್ರೆ ಖಾಲಿ ಮಾಡಿ ತಿಕ್ಕಿ ಒಣಗಿಸಿ. ಖಾಲಿ ಮಾಡಲಾಗದ ತೊಟ್ಟಿಗೆ ಬಟ್ಟೆ ಕಟ್ಟಿ, ಇಲ್ಲವೇ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರನ್ನು ಕೇಳಿ.

ಹೊಲದಲ್ಲಿ:
• ಗಾಳಿಗೆ ಎದುರಾಗಿ ಹೊಡೆಯಬಾರದು. ತುಂಬು ತೋಳಿನ ಅಂಗಿ, ಮುಖಕ್ಕೆ ಮಾಸ್ಕ್ ಬೇಕು. ನಡುವೆ ಎಲೆಅಡಿಕೆ, ಬೀಡಿ ಬೇಡ.
• ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವ ಮುಂಚೆ ಕೊಯ್ಲು ಬೇಡ. ಮಾನೋಕ್ರೋಟೋಫಾಸನ್ನು ತರಕಾರಿಗೆ ಬಳಸುವುದು 2005ರಲ್ಲೇ ನಿಷೇಧವಾಗಿದೆ.
• ಕೈತೋಟಕ್ಕೆ ಬೇವು ಸಾಕು. 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಚೂರು ಸೋಪು ಕರಗಿಸಿ ಸಿಂಪಡಿಸಿ.

ಸಂಘದಲ್ಲಿ:
• ಹತ್ತು ಮನೆಗೆ ಇಬ್ಬರು ಸದಸ್ಯೆಯರು ಜವಾಬ್ದಾರಿ ತೆಗೆದುಕೊಂಡು ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಜೊತೆ ಸುತ್ತಿ ಬನ್ನಿ. ಒಬ್ಬರ ಮನೆ ಶುಚಿಯಾಗಿ ಪಕ್ಕದ ಮನೆಯಲ್ಲಿ ಟಯರು ಬಿದ್ದಿದ್ದರೆ ಪ್ರಯೋಜನವಿಲ್ಲ.
• ಗ್ರಾಮಸಭೆಯಲ್ಲಿ ಕೇಳಿ: ಖಾಲಿ ಕೀಟನಾಶಕ ಡಬ್ಬಿಗಳಿಗೆ ಒಂದು ಜಾಗ, ಮೂರು ದಿನಕ್ಕೊಮ್ಮೆಯಾದರೂ ನೀರು. ನೀರು ಸರಿಯಾಗಿ ಬಂದರೆ ಡ್ರಮ್ಮಲ್ಲಿ ವಾರಗಟ್ಟಲೆ ತುಂಬಿಡುವ ಕಷ್ಟವೇ ಇರುವುದಿಲ್ಲ.
• ಕೂಲಿಗೆ ಹೋಗುವ ಸದಸ್ಯೆಯರು ಒಟ್ಟಾಗಿ ಹೇಳಿ: "ಇವತ್ತು ಔಷಧಿ ಹೊಡೆದ ಹೊಲಕ್ಕೆ ಇವತ್ತೇ ಕಳೆ ಕೀಳಲು ಬರಲ್ಲ." ಒಬ್ಬಳು ಹೇಳಿದರೆ ಕೆಲಸ ಹೋಗುತ್ತೆ, ಹತ್ತು ಜನ ಹೇಳಿದರೆ ಮಾತು ನಡೆಯುತ್ತೆ.

ಸಹೋದರಿಯರೇ, ಬಿಡಿಗಾಸು ಕೂಡಿಸಿ ಸಾವಿರಗಳ ಉಳಿತಾಯ ಮಾಡಿದವರು ನಾವು. ಅದೇ ಒಗ್ಗಟ್ಟಿನಿಂದ ವಾರಕ್ಕೆ ಅರ್ಧ ಗಂಟೆ ಕೂಡಿಸಿದರೆ, ಆ ಉಳಿತಾಯ ಆಸ್ಪತ್ರೆಯ ಬಿಲ್ಲಿಗೆ ಹೋಗದೆ ಮಕ್ಕಳ ಓದಿಗೆ ಉಳಿಯುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೀಟನಾಶಕ ಎಲ್ಲಿ ಇಟ್ಟಿದ್ದೇವೆ? ಅದರ ಮೇಲಿನ ಗುರುತು ಯಾವ ಬಣ್ಣದ್ದು?
2. ಖಾಲಿ ಡಬ್ಬಿಗಳನ್ನು ನಮ್ಮ ಊರಿನಲ್ಲಿ ಏನು ಮಾಡುತ್ತಿದ್ದಾರೆ?
3. ಕಳೆದ ವರ್ಷ ನಮ್ಮ ಸಂಘದಿಂದ ಜ್ವರದ ಖರ್ಚಿಗೆಂದು ಎಷ್ಟು ಸಾಲ ಕೊಟ್ಟಿದ್ದೇವೆ? ಪುಸ್ತಕ ನೋಡಿ ಲೆಕ್ಕ ಹಾಕಿ.
4. ಒಣ ದಿನ ಯಾವ ವಾರ ಇಟ್ಟುಕೊಳ್ಳೋಣ? ಯಾರು ಯಾವ ಹತ್ತು ಮನೆ ನೋಡುತ್ತೀರಿ? ಇಂದೇ ನಿರ್ಣಯ ಬರೆದುಕೊಳ್ಳಿ.